ಕಪ್ಪೆಗುಂಡಿ ತಿರುವಿನ ಸೊಪ್ಪು

ಬ್ರಹ್ಮಾವರ
2 ಮಾರ್ಚ್ 2025

ಪ್ರೀತಿಯ ಅಣ್ಣಯ್ಯ,

ನನಗೆ ಮದುವೆಯಾಗಿಬಿಟ್ಟಿತು. ಈ ಒಂದು ವಾಕ್ಯ ಬರೆದು ನಾನೇ ಮತ್ತೆ ಮತ್ತೆ ಓದಿಕೊಂಡು ನಗುತ್ತಿದ್ದೇನೆ. ಮೊದಲೇ ಹೇಳುತ್ತೇನೆ, ತಪ್ಪು ಹುಡುಕಬೇಡ. ಈ ಇಂಗ್ಲಿಷ್ ಮೀಡಿಯಂ ಹುಡುಗಿ ಇಷ್ಟುದ್ದ ಕನ್ನಡ ಬರೆದದ್ದು ಹತ್ತನೇ ಕ್ಲಾಸಿನ ಪ್ರಬಂಧದಲ್ಲೇ ಕೊನೆ. ನಿಮ್ಮ ಕೇಂದ್ರದಲ್ಲಿ ಫೋನ್ ಕೊಡುವುದಿಲ್ಲ, ಕುಡಿತ ಬಿಡಿಸಿ ಮನೆಗೆ ಕಳಿಸುವವರೆಗೂ ಕಾಗದ ಮಾತ್ರ ಎಂದು ಅಪ್ಪಯ್ಯ ಹೇಳಿದಾಗ ಅಳು ಬಂದಿತ್ತು. ಈಗ ಪೆನ್ನು ಹಿಡಿದು ಕೂತರೆ ಖುಷಿಯಾಗುತ್ತಿದೆ. ಅತ್ತಿತ್ತ ನೋಡದೆ, ಯಾರೂ ನಡುವೆ ಬಾಯಿ ಹಾಕದೆ, ನಿನ್ನೊಬ್ಬನ ಹತ್ತಿರವೇ ಇಷ್ಟು ಹೊತ್ತು ಮಾತಾಡಿದ್ದು ಯಾವಾಗ ಹೇಳು.

ನಿತೇಶ್ ಎಷ್ಟು ಒಳ್ಳೆಯವರು ಎಂದರೆ ನನಗೇ ಅನುಮಾನ ಬರುತ್ತದೆ. ಬೆಳಕು ಹರಿಯುವ ಮೊದಲು ಎದ್ದು ಹೆದ್ದಾರಿ ಬದಿಯ ತಮ್ಮ ಹೋಟೆಲಿಗೆ ಹೋಗುತ್ತಾರೆ. ತಿಂಡಿಯ ಗಲಾಟೆ ಮುಗಿದ ಕೂಡಲೇ ಬನ್ಸಿನ ಪೊಟ್ಟಣ ಹಿಡಿದು, ‘ಪರ್ಸ್ ಮರ್ತ್ ಹೋಯ್ತ್, ತಕಂಡ್ ಹೋಪುಕೆ ಬಂದೆ’ ಎನ್ನುತ್ತಾ ಮನೆಗೆ ಬರುತ್ತಾರೆ. ದಿನಾ ಮರೆಯುತ್ತಾರೆ. ಸರಸತ್ತೆ, ಅಂದರೆ ನನ್ನ ಅತ್ತೆ, ಅಡುಗೆಮನೆಯಿಂದಲೇ ‘ಈ ಗಂಡಿನ ಪರ್ಸಿಗೆ ಕಾಲ್ ಬಂದಿತ್ ಕಾಣ್’ ಎನ್ನುತ್ತಾರೆ. ನಾನು ನಾಚಿಕೊಳ್ಳಬೇಕು ಎಂದುಕೊಳ್ಳುವಷ್ಟರಲ್ಲಿ ನಗು ಬಂದುಬಿಡುತ್ತದೆ.

ಅವರಿಗೆ ನಮ್ಮ ಜೀಪಿನ ಕಥೆ ಹೇಳಿದೆ. ಎಲ್ಲ ಹೇಳಿದೆ. ಬಿಜೂರಿನ ನಮ್ಮ ಮನೆಯಿಂದ ಹೊರಟು, ಡಾಂಬರು ಮುಗಿದು ಕೆಂಪು ಮಣ್ಣು, ಮಣ್ಣೂ ಮುಗಿದು ಬರೀ ಕಲ್ಲು, ಆಮೇಲೆ ದಾರಿ ಎನ್ನುವುದು ನಮ್ಮಿಬ್ಬರ ತಲೆಯೊಳಗೆ ಮಾತ್ರ. ಹೊಳೆ ಸಿಕ್ಕಿದರೆ ನೀನು ಬಾನೆಟ್ ಎತ್ತಿ ಫ್ಯಾನಿನ ಬೆಲ್ಟ್ ಕಳಚುವುದು, ಇಲ್ಲದಿದ್ದರೆ ಫ್ಯಾನೇ ನೀರು ಎರಚಿ ಎಂಜಿನ್ ನಿಲ್ಲಿಸುತ್ತದೆ ಎಂದು. ನಾನು ಕೋಲು ಹಿಡಿದು ನೀರಿಗಿಳಿದು, ಕಲ್ಲು ಎಲ್ಲಿ, ಗುಂಡಿ ಎಲ್ಲಿ ಎಂದು ಕುಟ್ಟಿ ನೋಡುತ್ತಾ ಮುಂದೆ ನಡೆಯುವುದು. ನಾನು ಕಾಲಿಟ್ಟಲ್ಲೇ ನೀನು ಚಕ್ರ ತರುವುದು. ನಾನು ಕೈ ಎತ್ತಿದರೆ ನೀನು ನಿಲ್ಲಲೇಬೇಕು. ‘ನೀನ್ ಮುಂದೆ, ಜೀಪ್ ಹಿಂದೆಯಾ? ನಿನ್ ಅಣ್ಣಯ್ಯಂಗೆ ಭಾರಿ ಧೈರ್ಯ ಮಾರಾಯ್ತಿ’ ಎಂದರು ನಿತೇಶ್. ನೀನು ಬಂದ ಮೇಲೆ ನಾವು ಮೂವರೂ ಜೀಪಿನಲ್ಲಿ ಗುಡ್ಡ ಹತ್ತೋಣ. ಇದು ನನ್ನ ಪ್ರಾಮಿಸ್.

ಒಂದು ಮಾತು. ಉತ್ತರವನ್ನು ತಲ್ಲೂರಿನ ಪೂಜಿತಾಳ ಮನೆಗೆ ಕಳಿಸು. ನನ್ನ ಜೊತೆ ಓದಿದವಳು, ನಿನಗೆ ಗೊತ್ತಲ್ಲ. ಅವಳು ದಿನಾ ಕೆಲಸಕ್ಕೆ ಬ್ರಹ್ಮಾವರಕ್ಕೇ ಬರುತ್ತಾಳೆ. ನಮ್ಮ ಇಲ್ಲಿನ ಪೋಸ್ಟ್‌ಮ್ಯಾನ್ ತುಂಬಾ ಸೋಮಾರಿ.

ನಿನ್ನ
ಅಕ್ಷು


ನಾಸಿಕ್ ಜಿಲ್ಲೆ
19 ಮಾರ್ಚ್ 2025

ಅಕ್ಷು,

ಕಾಗದ ಸಿಕ್ಕಿತು. ಇಲ್ಲಿ ಒಳಗೆ ಏನಾದರೂ ಇಟ್ಟಿದ್ದಾರೋ ಎಂದು ಬಿಡಿಸಿ ನೋಡಿಯೇ ಕೊಡುತ್ತಾರೆ. ನೋಡಿದವನು ಮರಾಠಿಯವನು. ಇಷ್ಟುದ್ದ ಬರೆಯುವವಳು ಹೆಂಡತಿಯೋ ಎಂದು ಕೇಳಿದ. ತಂಗಿ ಎಂದೆ. ‘ಹಾಗಾದರೆ ನೀನು ಬದುಕುತ್ತೀ’ ಎಂದ. ಅವನು ಎಲ್ಲರಿಗೂ ಹಾಗೆ ಹೇಳುತ್ತಾನಂತೆ.

ನಿನ್ನ ಮದುವೆಯ ದಿನ ನಾನು ಇಲ್ಲಿ ಈರುಳ್ಳಿ ಸುಲಿಯುತ್ತಿದ್ದೆ. ಧಾರೆಯ ಹೊತ್ತು ನನಗೆ ಗೊತ್ತಿತ್ತು. ಆಗ ಸ್ವಲ್ಪ ಹೆಚ್ಚೇ ಸುಲಿದೆ.

ಬೆಳಿಗ್ಗೆ ಕೈ ನಡುಗುತ್ತದೆ. ಜೀಪು ನಿಂತಲ್ಲೇ ಓಡುತ್ತಿರುವಾಗ ಗೇರಿನ ಕಡ್ಡಿ ನಡುಗುತ್ತದಲ್ಲ, ಹಾಗೆ. ಆದರೆ ಎಂಜಿನ್ ಬಂದ್ ಮಾಡಿದರೆ ಅದು ನಿಲ್ಲುತ್ತಿತ್ತು. ಕಿಟಕಿಯಿಂದ ಒಂದು ಬೋಳು ಗುಡ್ಡ ಕಾಣುತ್ತದೆ. ನಮ್ಮದಲ್ಲ. ಆದರೂ ಅದರ ಮೇಲೆ ಮನಸ್ಸಿನಲ್ಲೇ ದಾರಿ ಕಡಿದು ಜೀಪು ಹತ್ತಿಸುತ್ತೇನೆ. ಅರ್ಧಕ್ಕೆ ನಿಲ್ಲುತ್ತದೆ. ಮಾರನೇ ದಿನ ಮತ್ತೆ ಬುಡದಿಂದ ಶುರು.

ಯಾಕೆ ಕುಡಿದೆ ಎಂದು ಇಲ್ಲಿ ದಿನಾ ಕೇಳುತ್ತಾರೆ. ಪ್ರವಾಸಿಗರನ್ನು ಜೀಪಿನಲ್ಲಿ ಮೇಲೆ ಬಿಟ್ಟು ಕಾಯುವಾಗ ಮೊದಲು ಗುಡ್ಡದ ಚಳಿಗೆ ಕುಡಿದೆ, ಆಮೇಲೆ ಚಳಿಯಿಲ್ಲದಿದ್ದರೂ ಕುಡಿದೆ. ಇಷ್ಟೇ ಗೊತ್ತಿರುವುದು ನನಗೆ. ಅವರಿಗೆ ಇದು ಸಾಲದು.

ಜೀಪು ಹೇಗಿದೆ? ಚಕ್ರಕ್ಕೆ ಕೊಟ್ಟ ಕಲ್ಲು ಯಾರೂ ತೆಗೆದಿಲ್ಲ ತಾನೇ? ನಿನಗೆ ಹೊಸ ಮನೆಯಿದೆ. ಆ ವಿಳಾಸ ಬಿಟ್ಟು ತಲ್ಲೂರಿನದು ಯಾಕೆ?

ಕೌಶಲ್


ಬ್ರಹ್ಮಾವರ
6 ಏಪ್ರಿಲ್ 2025

ಪ್ರೀತಿಯ ಅಣ್ಣಯ್ಯ,

ಪೋಸ್ಟ್‌ಮ್ಯಾನ್ ವಿಷಯ ಸುಳ್ಳು, ಸಾರಿ. ಪಾಪ, ಅವರು ಮಳೆ ಬರಲಿ ಬಿಸಿಲಿರಲಿ ಬರುತ್ತಾರೆ. ನಿಜ ಹೇಳುತ್ತೇನೆ, ಸಿಟ್ಟು ಮಾಡಬೇಡ, ಕೇಳಿದರೆ ನಿನಗೂ ನಗು ಬರುತ್ತದೆ. ನೀನು ಈಗ ಹಡಗಿನಲ್ಲಿದ್ದೀಯ.

ನಿಶ್ಚಯದ ಮಾತುಕತೆಯಲ್ಲಿ ಮಗ ಕಾಣುವುದಿಲ್ಲವಲ್ಲ ಎಂದು ಇವರ ಕಡೆಯವರು ಕೇಳಿದಾಗ ಅಪ್ಪಯ್ಯನ ಬಾಯಿಯಿಂದ ‘ಅಂವ ಹಡಗಿನಗೆ ಇದ್ದ’ ಎಂದು ಬಂತಂತೆ. ನಿಜ ಗೊತ್ತಾದರೆ ಸಂಬಂಧ ಮುರಿದೀತು ಎಂಬ ಹೆದರಿಕೆ ಅವರಿಗೆ. ನಮ್ಮ ಕಡೆ ಮನೆಗೊಬ್ಬ ಹಡಗಿನಲ್ಲಿರುತ್ತಾನೆ, ಯಾರೂ ಮತ್ತೆ ಕೇಳುವುದಿಲ್ಲ ಎಂದುಕೊಂಡರು. ಆದರೆ ಸರಸತ್ತೆಯ ತಮ್ಮ ಗೋವರ್ಧನ ಮಾವ ಮುಂಬಯಿ ಬಂದರಿನ ಡಾಕಿನಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಬಂದಾಗೆಲ್ಲ ನನ್ನನ್ನು ಹಿಡಿದು ಕೂರಿಸುತ್ತಾರೆ. ‘ಕಾರ್ಗೋವಾ, ಟ್ಯಾಂಕರಾ?’ ‘ಟ್ಯಾಂಕರ್ ಮಾವ.’ ‘ಈಗ ಎಲ್ಲಿತ್ತ್?’ ‘ಸಿಂಗಾಪುರದಗೆ.’ ಮೊನ್ನೆ ಮತ್ತೆ ಕೇಳಿದರು, ನಾನು ಮತ್ತೆ ಸಿಂಗಾಪುರ ಎಂದೆ, ಬೇರೆ ಯಾವ ಬಂದರಿನ ಹೆಸರೂ ಬಾಯಿಗೆ ಬರಲಿಲ್ಲ. ‘ಭಾರಿ ದಿನ ಆಯ್ತಲ್ಲ ಹೆಣೆ, ಲಂಗರಿಗೆ ತುಕ್ಕ್ ಹಿಡೀತೇನೋ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗಿರುವಾಗ ನಾಸಿಕಿನ ಮುದ್ರೆ ಬಿದ್ದ ಕಾಗದ ಇಲ್ಲಿಗೆ ಬಂದರೆ ಹೇಗೆ? ಅಲ್ಲಿ ಸಮುದ್ರವೇ ಇಲ್ಲ. ಅದಕ್ಕೇ ಪೂಜಿತಾ.

ಇದು ಸ್ವಲ್ಪ ದಿನ ಅಷ್ಟೇ. ನಿತೇಶ್‌ಗೆ ನಾನೇ ಒಳ್ಳೆಯ ಹೊತ್ತು ನೋಡಿ ಹೇಳುತ್ತೇನೆ. ಅವರು ಬಂಗಾರದಂಥ ಮನುಷ್ಯ. ಎಲ್ಲವೂ ಇಷ್ಟು ಚೆನ್ನಾಗಿರುವಾಗ ಹೇಳಿ ಕೆಡಿಸಲು ಮನಸ್ಸಾಗುವುದಿಲ್ಲ, ಗೊತ್ತಾಯಿತಲ್ಲ.

ಜೀಪು ನೋಡಿ ಬಂದೆ. ಕಲ್ಲು ಹಾಗೇ ಇದೆ. ನಿನ್ನ ಸೀಟಿನಲ್ಲಿ ಅಮ್ಮನ ಕೋಳಿ ಮೊಟ್ಟೆಯಿಟ್ಟು ಕಾವಿಗೆ ಕೂತಿದೆ, ಹತ್ತಿರ ಹೋದರೆ ಸ್ಟೀರಿಂಗ್ ತನ್ನದೇ ಎನ್ನುವ ಹಾಗೆ ಕುಕ್ಕಲು ಬರುತ್ತದೆ.

ನಿನ್ನ
ಅಕ್ಷು


ನಾಸಿಕ್ ಜಿಲ್ಲೆ
27 ಏಪ್ರಿಲ್ 2025

ಅಕ್ಷು,

ಹಡಗಿನಲ್ಲಿ ನನಗೆ ಯಾವ ಹುದ್ದೆ? ಅದನ್ನೂ ಹೇಳಿಬಿಡು. ಸುಳ್ಳೇ ಆದ ಮೇಲೆ ಅಪ್ಪಯ್ಯ ಕ್ಯಾಪ್ಟನ್ ಎಂದೇ ಹೇಳಬಹುದಿತ್ತು.

ಹಡಗಿನಿಂದ ಬರುವವರು ಪೆಟ್ಟಿಗೆ ತುಂಬ ಸಾಮಾನು ತರುತ್ತಾರೆ. ನನ್ನ ಹತ್ತಿರ ಇರುವುದು ಎರಡು ಅಂಗಿ, ಇಲ್ಲಿ ಕೊಟ್ಟ ಒಂದು ಹೊದಿಕೆ. ಅದನ್ನೂ ಹೋಗುವಾಗ ವಾಪಸು ಕೊಡಬೇಕು.

ನಗು ಬರುತ್ತದೆ ಎಂದಿದ್ದೆ. ಬಂತು. ಪಕ್ಕದ ಮಂಚದವನು ಯಾಕೆ ಎಂದು ಕೇಳಿದ, ಅವನಿಗೆ ಹೇಳಿದೆ. ಅವನು ನಗಲಿಲ್ಲ. ಅವನ ಮನೆಯಲ್ಲಿ ಅವನು ಸತ್ತಿದ್ದಾನೆ ಎಂದು ಹೇಳಿದ್ದಾರಂತೆ. ನನ್ನದು ವಾಸಿ.

ನಿದ್ದೆ ಬಾರದಾಗ ಕಪ್ಪೆಗುಂಡಿ ತಿರುವನ್ನು ನೆನೆಸುತ್ತೇನೆ. ನಿನಗೆ ನೆನಪಿದೆಯಾ? ನೀನು ಪಿಯುಸಿಯಲ್ಲಿದ್ದೆ. ಸರಿಯಾಗಿ ತಿರುವಿನಲ್ಲೇ ಹಿಂದಿನ ಆಕ್ಸಲ್ ಹೋಯಿತು. ನಾವು ನೇರಳೆ ಸೊಪ್ಪು ಕಡಿದು, ಮೇಲಿನಿಂದ ಬರುವವರಿಗೆ, ಕೆಳಗಿನಿಂದ ಬರುವವರಿಗೆ ಕಾಣುವಂತೆ ಎರಡೂ ಕಡೆ ದಾರಿಗೆ ಅಡ್ಡ ಹಾಕಿದೆವು. ತಿರುವಿನಾಚೆ ಗಾಡಿ ನಿಂತಿದೆ, ಜನ ಇದ್ದಾರೆ, ನಿಧಾನ ಎಂದು ಗುರುತು. ಮೆಕ್ಯಾನಿಕ್ ನಾಗು ಬಂದು ಹೇಗೋ ರಿಪೇರಿ ಮಾಡಿಕೊಟ್ಟ. ನಾವು ಖುಷಿಯಲ್ಲಿ ಸೊಪ್ಪು ತೆಗೆಯದೆ ಹೊರಟುಬಿಟ್ಟೆವು.

ಮಾರನೇ ದಿನ, ಅದೇ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುವ ಬಚ್ಚಣ್ಣ ನಮ್ಮ ಅಂಗಳಕ್ಕೆ ಬಂದು ನಿಂತದ್ದು ನನಗೆ ಈಗಲೂ ಕಾಣುತ್ತದೆ. ಅಂಗಿ ಎಲ್ಲ ಮುಳ್ಳು ಗೀರಿ ಹರಿದಿತ್ತು. ‘ಸೊಪ್ಪ್ ತೆಗೀದೆ ಹೋಪುದಾ? ಜನ ಇದ್ರ್ ಅಂದೇಳಿ ನಾ ಹಾಡಿಯೆಲ್ಲ ಹುಡ್ಕ್ದೆ. ಕೆಳ್ಗ್ ಬಿದ್ರಾ ಅಂದೇಳಿ ಕೂಗ್ ಹಾಕ್ದೆ. ಗಂಟ್ಲ್ ಹೋಯ್ತ್’ ಎಂದ. ಬಯ್ಯಲಿಲ್ಲ, ಅಳುವವನ ಹಾಗಿದ್ದ. ಗುಡ್ಡದ ದಾರಿಯಲ್ಲಿ ಸೊಪ್ಪು ಕಂಡವನು ಕಾಯಬೇಕು. ಹೊರಟವನು ತೆಗೆದು ಹೋಗಬೇಕು. ಆವತ್ತು ಕಲಿತದ್ದು.

ಯಾರೋ ನಮ್ಮನ್ನು ಹುಡುಕಿಕೊಂಡು ಕಾಡೆಲ್ಲ ಕೂಗಿದರು ಎಂಬುದೇ ಈಗ ಇಲ್ಲಿ ಒಂದು ಸಮಾಧಾನ.

ನಿತೇಶ್‌ಗೆ ಬೇಗ ಹೇಳು.

ಕೌಶಲ್


ಬ್ರಹ್ಮಾವರ
18 ಮೇ 2025

ಪ್ರೀತಿಯ ಅಣ್ಣಯ್ಯ,

ಅಯ್ಯೋ ಬಚ್ಚಣ್ಣ. ಅವನಿಗೆ ಅಮ್ಮ ಹೊಸ ಅಂಗಿ ತೆಗೆದುಕೊಟ್ಟದ್ದು, ಅವನು ಅದನ್ನು ಎರಡು ವರ್ಷ ಹಬ್ಬಕ್ಕೆ ಮಾತ್ರ ಹಾಕಿದ್ದು, ಎಲ್ಲ ನೆನಪಾಯಿತು. ನಿನ್ನ ಕಾಗದ ಓದುತ್ತಾ ನಿತೇಶ್ ಎದುರಿಗೇ ನಕ್ಕುಬಿಟ್ಟೆ. ಯಾರದ್ದು ಎಂದು ಕೇಳಿದರು. ಪೂಜಿತಾಳದ್ದು ಎಂದೆ. ದಿನಾ ಕಾಣುವವಳು ಕಾಗದ ಯಾಕೆ ಬರೆಯುತ್ತಾಳೆ ಎಂದು ಅವರು ಕೇಳಲಿಲ್ಲ. ಅಷ್ಟು ಮುಗ್ಧರು ನೋಡು.

ಇಲ್ಲ, ಇನ್ನೂ ಹೇಳಿಲ್ಲ. ಎರಡು ಸಲ ಬಾಯಿವರೆಗೆ ಬಂದಿತ್ತು. ಒಮ್ಮೆ ಹೋಟೆಲಿನಲ್ಲಿ ಹೇಳಹೊರಟೆ, ಗಿರಾಕಿ ಬಂದರು. ಇನ್ನೊಮ್ಮೆ ಅವರು ನನ್ನನ್ನು ಎಷ್ಟು ಚೆಂದ ನೋಡುತ್ತಿದ್ದರು ಎಂದರೆ, ಆ ನೋಟ ಬದಲಾದರೆ ಏನು ಮಾಡಲಿ ಎನಿಸಿತು.

ಮೊನ್ನೆ ಸರಸತ್ತೆಯ ಜೊತೆ ಹಟ್ಟಿಯಂಗಡಿ ದೇವಸ್ಥಾನಕ್ಕೆ ಹೋಗಿದ್ದೆ. ಅವರು ನಮ್ಮಿಬ್ಬರ ಹೆಸರಿನಲ್ಲಿ ಪೂಜೆ ಮಾಡಿಸಿ, ಮತ್ತೆ ಕೌಂಟರಿಗೆ ಹೋಗಿ ನಿನ್ನ ಹೆಸರಿನಲ್ಲೂ ಒಂದು ಮಾಡಿಸಿದರು. ‘ದೂರ ಇಪ್ಪ ಮಕ್ಳ್. ಒಬ್ಬೊಬ್ರದ್ ಒಂದೊಂದ್ ಕಷ್ಟ ಇರ್ತ್’ ಎಂದರು. ಪಾಪ, ಸಮುದ್ರದ ಕಷ್ಟ ಎಂದುಕೊಂಡಿದ್ದಾರೆ. ಪ್ರಸಾದ ಇಟ್ಟಿದ್ದೇನೆ, ಬರುವಷ್ಟರಲ್ಲಿ ಹಾಳಾದರೆ ನಾನೇ ತಿನ್ನುತ್ತೇನೆ.

ನೀನು ಬೇಗ ಬಾ. ನನ್ನ ಖುಷಿಯಲ್ಲಿ ನಿನ್ನ ಪಾಲು ಹಾಗೇ ಇದೆ.

ನಿನ್ನ
ಅಕ್ಷು


ನಾಸಿಕ್ ಜಿಲ್ಲೆ
8 ಜೂನ್ 2025

ಅಕ್ಷು,

ಒಂದು ಸುದ್ದಿ. ಜುಲೈ ಮಧ್ಯದಲ್ಲಿ ನನ್ನನ್ನು ಬಿಡುತ್ತಾರೆ. ಕೈ ಈಗ ನಡುಗುವುದಿಲ್ಲ. ನಿನ್ನೆ ಕೇಂದ್ರದ ತರಕಾರಿ ಗಾಡಿಯನ್ನು ಗೇಟಿನಿಂದ ಅಡುಗೆಮನೆಯವರೆಗೆ ನಾನೇ ಓಡಿಸಿದೆ. ಅಷ್ಟೇ ದೂರ. ಇಳಿದು ಹಿಂದೆ ಹೋಗಿ ಚಕ್ರದ ಗುರುತು ನೋಡಿದೆ. ನೇರ ಇತ್ತು.

ಲೆಕ್ಕ ಹಾಕಿದೆ, ಆಗ ಆಸಾಡಿ ತಿಂಗಳು ಶುರುವಾಗಿರುತ್ತದೆ. ಹೊಸ ಮದುಮಗಳನ್ನು ಆಸಾಡಿಗೆ ತವರಿಗೆ ಕರೆತರಲು ಅಣ್ಣನೇ ಹೋಗಬೇಕು. ಧಾರೆಗೆ ನಾನಿರಲಿಲ್ಲ, ನನ್ನ ಜಾಗದಲ್ಲಿ ಚಿಕ್ಕಪ್ಪನ ಮಗ ಗಣಪ ನಿಂತನಂತೆ. ಇದಕ್ಕೆ ನಾನೇ ಬರುತ್ತೇನೆ. ಬಿಜೂರಿಗೆ ಹೋಗಿ, ನಾಗುವಿನ ಕೈಯಲ್ಲಿ ಜೀಪು ಸರಿಮಾಡಿಸಿ, ಹೆದ್ದಾರಿಯಲ್ಲಿ ನಿಧಾನವಾಗಿ ನಿಮ್ಮ ಮನೆಯ ಬಾಗಿಲಿಗೆ ತರುತ್ತೇನೆ. ನಿನ್ನ ಅತ್ತೆ ಬಡಿಸಿದ ಊಟ ಉಂಡು, ನಿನ್ನನ್ನು ಕೂರಿಸಿಕೊಂಡು ಹೊರಡುವುದು. ಕುಂದಾಪುರ ದಾಟಿದ ಮೇಲೆ ನೀನು ಹಾಡು ಹೇಳಬೇಕು, ಮೊದಲಿನ ಹಾಗೆ, ತಪ್ಪು ತಪ್ಪಾಗಿ.

ಈ ತಿಂಗಳುಗಳಲ್ಲಿ ನಾನು ಬಯಸಿದ್ದು ಇದೊಂದೇ. ಬೋಳು ಗುಡ್ಡದಲ್ಲಿ ಜೀಪು ಈಗ ತುದಿಯವರೆಗೂ ಹೋಗುತ್ತಿದೆ.

ಅಪ್ಪಯ್ಯನಿಗೂ ಬರೆದಿದ್ದೇನೆ. ಉತ್ತರ ಬಂದಿಲ್ಲ. ನೀನು ಹ್ಞೂಂ ಎಂದರೆ ಸಾಕು.

ಅಣ್ಣಯ್ಯ


ಬ್ರಹ್ಮಾವರ
19 ಜೂನ್ 2025

ಪ್ರೀತಿಯ ಅಣ್ಣಯ್ಯ,

ನೀನು ಗುಣವಾಗಿದ್ದೀಯ ಎಂದು ಓದಿ ಬಚ್ಚಲುಮನೆಗೆ ಹೋಗಿ ಕುಣಿದೆ, ನಿಜವಾಗಿ. ಗಾಡಿ ಓಡಿಸಿದೆಯಂತೆ, ಗುರುತು ನೇರ ಇತ್ತಂತೆ. ಎಷ್ಟು ಖುಷಿ ನನಗೆ.

ಆದರೆ ಅಣ್ಣಯ್ಯ, ಆಸಾಡಿಗೆ ಬೇಡ. ಸ್ವಲ್ಪ ಯೋಚನೆ ಮಾಡು. ಹಡಗಿನವರಿಗೆ ಕಾಂಟ್ರಾಕ್ಟ್ ಇರುತ್ತದಂತೆ, ಅದು ಮುಗಿಯುವ ಮೊದಲು ಬಂದರೆ ಯಾಕೆ ಬಂದ ಎಂದು ಎಲ್ಲರೂ ಕೇಳುತ್ತಾರೆ. ಗೋವರ್ಧನ ಮಾವ ಆಸಾಡಿಗೆ ಇಲ್ಲೇ ಇರುತ್ತಾರೆ. ಊಟಕ್ಕೆ ಎದುರುಬದುರು ಕೂರಿಸಿದರೆ ನೀನು ಯಾವ ಸಮುದ್ರದ ಹೆಸರು ಹೇಳುತ್ತೀಯ? ಮತ್ತೆ ನೀನು ತುಂಬಾ ತೆಳ್ಳಗಾಗಿದ್ದೀಯ ಎಂದು ಕೇಂದ್ರದವರು ಫೋನಿನಲ್ಲಿ ಹೇಳಿದರಂತೆ, ಅಮ್ಮ ಹೇಳಿದಳು. ನೋಡಿದವರಿಗೆ ಗೊತ್ತಾಗಿಬಿಡುತ್ತದೆ.

ಅಪ್ಪಯ್ಯನೇ ಗಣಪನ ಕಾರಿನಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಎಲ್ಲ ಮಾತಾಗಿದೆ. ನೀನು ಇನ್ನೂ ಸ್ವಲ್ಪ ದಿನ ಅಲ್ಲೇ ಇದ್ದು, ಚೆನ್ನಾಗಿ ಉಂಡು, ದೀಪಾವಳಿಗೆ ಬಾ. ಅಷ್ಟರಲ್ಲಿ ನಾನು ನಿತೇಶ್‌ಗೆ ಎಲ್ಲ ಹೇಳಿರುತ್ತೇನೆ. ದೀಪಾವಳಿಗೆ ಮಳೆಯೂ ಇರುವುದಿಲ್ಲ, ಗುಡ್ಡ ಹತ್ತಲು ಬೆಸ್ಟ್.

ಬೇಜಾರು ಮಾಡಬೇಡ. ನಿನಗೇ ಒಳ್ಳೆಯದು ಎಂದು ಬರೆದೆ.

ನಿನ್ನ
ಅಕ್ಷು


ನಾಸಿಕ್ ಜಿಲ್ಲೆ
1 ಜುಲೈ 2025

ಅಕ್ಷಯಾ,

ಸರಿ.

ಇಲ್ಲಿ ಮಳೆ ಶುರುವಾಗಿದೆ. ಗುಡ್ಡ ಕಾಣುವುದಿಲ್ಲ.

ಕೌಶಲ್


ಬಿಜೂರು
27 ಜುಲೈ 2025

ಅಣ್ಣಯ್ಯ,

ನಿನ್ನ ‘ಸರಿ’ ನೋಡಿ ಮೂರು ಕಾಗದ ಬರೆದು ಹರಿದೆ. ಇದನ್ನು ಜೀಪಿನೊಳಗೆ ಕೂತು ಬರೆಯುತ್ತಿದ್ದೇನೆ. ಮೇಲಿನ ತಾಡಪಾಲು ಸೋರುತ್ತಿದೆ, ಅಕ್ಷರ ಕಲಸಿದರೆ ಅದು ಮಳೆ.

ಅಪ್ಪಯ್ಯ ಬಂದು ಕರೆತಂದರು. ಹೊರಡುವಾಗ ಸರಸತ್ತೆ ಕೊಡೆ ಹಿಡಿದು ರಸ್ತೆಯವರೆಗೆ ಬಂದರು. ಕಾರಿನ ಹಿಂದಿನ ಸೀಟನ್ನು ಬಗ್ಗಿ ನೋಡಿದರು. ‘ಅಣ್ಣಯ್ಯ ಬರ್ಲಿಲ್ಯಾ?’ ಎಂದರು. ‘ಹಡಗ್ ಇನ್ನೂ ಬರ್ಲಿಲ್ಲೆ ಅತ್ತೆ’ ಎಂದೆ. ಅಪ್ಪಯ್ಯ ಗಾಜಿನಾಚೆ ನೋಡುತ್ತಿದ್ದರು. ಕುಂದಾಪುರ ದಾಟಿತು, ಯಾರೂ ಹಾಡಲಿಲ್ಲ.

ಆ ಕಾಗದವನ್ನು ನಾನು ಹಾಗೆ ಬರೆಯಬಾರದಿತ್ತು. ತೆಳ್ಳಗಾಗಿದ್ದೀಯ ಎಂದು ಬರೆದ ಸಾಲು ಮತ್ತೆ ಮತ್ತೆ ನೆನಪಾಗಿ ಊಟ ಸೇರುತ್ತಿಲ್ಲ. ನಿನ್ನನ್ನು ಬಿಟ್ಟರಾ? ಎಲ್ಲಿದ್ದೀಯ? ಅಪ್ಪಯ್ಯನ ಹತ್ತಿರ ಕೇಳಿದರೆ ‘ಅಂವ ಅಲ್ಲೇ ಇರ್ಲಿ, ಒಳ್ಳೇದಾತ್’ ಎಂದು ಎದ್ದು ಹೋಗುತ್ತಾರೆ. ಆದರೆ ದಿನಾ ಬೆಳಿಗ್ಗೆ ಬಂದು ಜೀಪಿನ ಚಕ್ರಕ್ಕೆ ಕೊಟ್ಟ ಕಲ್ಲನ್ನು ಕಾಲಿನಿಂದ ತಳ್ಳಿ ನೋಡುತ್ತಾರೆ.

ಎರಡು ಸಾಲು ಬರೆ. ಬಯ್ದು ಬರೆ.

ಅಕ್ಷು


ನಾಸಿಕ್ ಜಿಲ್ಲೆ
11 ಆಗಸ್ಟ್ 2025

ಅಕ್ಷು,

ನಿನ್ನ ಮೇಲೆ ಸಿಟ್ಟಿಲ್ಲ. ನೀನು ಹೊಳೆಯಲ್ಲಿ ಮುಂದೆ ನಡೆದು, ಇಲ್ಲಿ ಆಳ, ಬರಬೇಡ ಎಂದು ಕೈ ಎತ್ತಿದೆ. ನೀನು ಕೈ ಎತ್ತಿದರೆ ನಾನು ನಿಲ್ಲಲೇಬೇಕು. ಅದು ನಾವೇ ಮಾಡಿಕೊಂಡ ಕ್ರಮ.

ಹೇಳಿದ ದಿನವೇ ನನ್ನನ್ನು ಬಿಟ್ಟರು. ಹೊದಿಕೆ ವಾಪಸು ಕೊಟ್ಟು ಗೇಟಿನ ಹೊರಗೆ ನಿಂತೆ. ಬಸ್ಸು ಬಂತು. ನಿರ್ವಾಹಕ ಎಲ್ಲಿಗೆ ಎಂದು ಕೇಳಿದ. ನನಗೆ ಹೇಳಲು ಒಂದು ಊರಿನ ಹೆಸರೂ ಬರಲಿಲ್ಲ. ನೀನು ಸಿಂಗಾಪುರ ಎಂದು ಹೇಳಿದ್ದು ಹೇಗೆ ಎಂದು ಆಗ ಗೊತ್ತಾಯಿತು. ತಿರುಗಿ ಒಳಗೆ ಬಂದು ಅಡುಗೆಮನೆಯಲ್ಲಿ ಕೆಲಸ ಕೇಳಿದೆ, ಕೊಟ್ಟರು.

ಈಗ ಇಲ್ಲಿಯೂ ಇರಲು ಆಗುವುದಿಲ್ಲ. ನಾಳೆ ಹೊರಡುತ್ತೇನೆ. ಎಲ್ಲಿಗೆ ಎಂದು ಕೇಳಬೇಡ. ಕುಡಿದೆಯಾ ಎಂದೂ ಕೇಳಬೇಡ.

ನಿನ್ನ ಕಾಗದಗಳನ್ನು ನೆಚ್ಚಿ ನಾನು ಇಷ್ಟು ದಿನ ಆ ಕಪ್ಪೆಗುಂಡಿ ತಿರುವಿನಲ್ಲೇ ನಿಂತಿದ್ದೆ. ಈಗ ಸೊಪ್ಪು ತೆಗೆದಿದ್ದೇನೆ. ಅಲ್ಲಿ ಗಾಡಿಯಿಲ್ಲ, ಜನವಿಲ್ಲ. ಕಾಯಬೇಡ, ಹುಡುಕಿಕೊಂಡು ಹಾಡಿಗೆ ಇಳಿಯಬೇಡ. ನಿನ್ನ ಅಂಗಿ ಹರಿಯುವುದು ನನಗೆ ಬೇಡ.

ಕೋಳಿಯನ್ನು ಎಬ್ಬಿಸಬೇಡಿ. ಜೀಪು ಅದಕ್ಕೇ ಇರಲಿ.

ಕೌಶಲ್


ಬ್ರಹ್ಮಾವರ
31 ಆಗಸ್ಟ್ 2025

ಅಣ್ಣಯ್ಯ,

ನಿಮ್ಮ ಕೇಂದ್ರಕ್ಕೆ ಫೋನ್ ಮಾಡಿದೆ. ಚೀಲ ಹಿಡಿದು ಹೋದ, ವಿಳಾಸ ಕೊಟ್ಟಿಲ್ಲ ಎಂದರು. ತಿರುಗಿ ಬಂದರೆ ಕಾಗದ ಕೊಡುತ್ತೇವೆ, ಕಳಿಸಿ ಎಂದರು. ಅದಕ್ಕೇ ಬರೆಯುತ್ತಿದ್ದೇನೆ.

ನಿತೇಶ್‌ಗೆ ಹೇಳಿದೆ. ಆಸಾಡಿ ಮುಗಿಸಿ ಬಂದವಳು ಚೀಲ ಕೆಳಗಿಡುವ ಮೊದಲೇ ಹೇಳಿದೆ. ಹಡಗು ಸುಳ್ಳು, ಅಣ್ಣಯ್ಯ ಕುಡಿತ ಬಿಡಿಸುವ ಕಡೆ ಇದ್ದ, ಕರೆದುಕೊಂಡು ಹೋಗಲು ಬರುತ್ತೇನೆ ಎಂದವನನ್ನು ನಾನೇ ಬೇಡ ಎಂದೆ, ಈಗ ಎಲ್ಲಿದ್ದಾನೆಂದು ಗೊತ್ತಿಲ್ಲ.

ಅವರು ನನ್ನ ಕೈಯಿಂದ ಚೀಲ ತೆಗೆದುಕೊಂಡು ಕೆಳಗಿಟ್ಟರು. ಆಮೇಲೆ ಹೇಳಿದರು, ‘ನಂಗ್ ಗೊತ್ತಿತ್ತ್.’

ಮದುವೆಗೆ ಮುಂಚೆಯೇ ಗೊತ್ತಿತ್ತಂತೆ. ಬೈಂದೂರು ಕಡೆಯ ಲಾರಿಯವರು ಹೋಟೆಲಿನಲ್ಲಿ ಚಾ ಕುಡಿಯುತ್ತಾ ಹೇಳಿದ್ದರಂತೆ. ‘ಹೋಟ್ಲಿನರಿಗೆ ಗೊತ್ತಾಗ್ದಿದ್ದದ್ದ್ ಎಂತ ಇತ್ತ್? ನೀನೇ ಹೇಳ್ತೆ ಅಂದೇಳಿ ಸುಮ್ನೆ ಕೂಕಂಡಿದ್ದೆ. ಕೇಂಡ್ರೆ ನಿಂಗ್ ಬೇಜಾರಾತ್ ಅಂದೇಳಿ ಕೇಂಬುಕೆ ಹೋಯ್ಲಿಲ್ಲೆ’ ಎಂದರು. ಸರಸತ್ತೆಗೂ ಗೊತ್ತು. ಹಟ್ಟಿಯಂಗಡಿಯ ಪೂಜೆ ಸಮುದ್ರದ ಕಷ್ಟಕ್ಕಲ್ಲ. ಗೋವರ್ಧನ ಮಾವನಿಗೂ ಗೊತ್ತು. ಅವರು ಬಂದರಿನ ಹೆಸರು ಕೇಳುತ್ತಿದ್ದದ್ದು, ಈ ಹುಡುಗಿ ಯಾವಾಗ ಸುಳ್ಳು ಸಾಕೆನ್ನುತ್ತಾಳೆ ನೋಡೋಣ ಎಂದೇ ಅಂತೆ. ಮುಗ್ಧರು ಎಂದು ಬರೆದಿದ್ದೆನಲ್ಲ, ಆ ಮನೆಯಲ್ಲಿ ಏನೂ ತಿಳಿಯದೆ ಕುಣಿಯುತ್ತಿದ್ದವಳು ನಾನೊಬ್ಬಳೇ.

ಆಸಾಡಿಗೆ ಹೊರಟ ದಿನ ಅತ್ತೆ ಕಾರಿನೊಳಗೆ ಬಗ್ಗಿ ನೋಡಿದ್ದು ಯಾಕೆ ಗೊತ್ತಾ? ಆಸಾಡಿಗೆ ಅಣ್ಣ ಬಂದೇ ಬರುತ್ತಾನೆ ಎಂದು ನಿನಗೆ ಒಂದು ಅಂಗಿ, ಪಂಚೆ ತಂದಿಟ್ಟಿದ್ದರು. ಅದು ಈಗ ನನ್ನ ಕಪಾಟಿನಲ್ಲಿದೆ. ಅಳತೆ ಗೊತ್ತಿರಲಿಲ್ಲ, ನಿತೇಶ್‌ದೇ ಅಳತೆ. ನಿನಗೆ ದೊಡ್ಡದಾಗುತ್ತದೆ.

ಅಲ್ಲಿ ಆಳ ಇರಲಿಲ್ಲ ಅಣ್ಣಯ್ಯ. ನಾನು ಕೋಲು ಹಾಕಿಯೇ ನೋಡಲಿಲ್ಲ. ಮೊಣಕಾಲಿನಷ್ಟೂ ನೀರಿರಲಿಲ್ಲ. ನಾನು ದಡದಲ್ಲೇ ನಿಂತು ಕೈ ಎತ್ತಿದೆ.

ಅಕ್ಷು


ಬ್ರಹ್ಮಾವರ
9 ನವೆಂಬರ್ 2025

ಅಣ್ಣಯ್ಯ,

ದೀಪಾವಳಿ ಹೋಯಿತು. ನಿತೇಶ್ ಎರಡು ಸಲ ನಾಸಿಕಿಗೆ ಹೋಗಿ ಬಂದರು. ಬಸ್‌ಸ್ಟ್ಯಾಂಡಿನ ಹಿಂದೆ, ಲಾರಿ ನಿಲ್ಲುವ ಕಡೆ, ಸಾರಾಯಿ ಅಂಗಡಿಗಳ ಹತ್ತಿರ ನಿನ್ನ ಫೋಟೋ ತೋರಿಸಿ ಕೇಳಿದರಂತೆ. ಜೀಪಿನ ಬಾನೆಟ್ ಮೇಲೆ ಕೂತು ನಗುತ್ತಿರುವ ಫೋಟೋ. ಅದು ಬಿಟ್ಟರೆ ನಮ್ಮಲ್ಲಿ ನಿನ್ನದು ಬೇರೆ ಇಲ್ಲ. ಆ ಹುಡುಗನನ್ನು ನೋಡಿದವರು ಈಗ ಯಾರಿದ್ದಾರೆ?

ನಿನ್ನೆ ಕಪ್ಪೆಗುಂಡಿಗೆ ಹೋಗಿದ್ದೆವು. ಜೀಪು ಹೊರಡಲಿಲ್ಲ. ಅಪ್ಪಯ್ಯನೇ ಕಲ್ಲು ತೆಗೆದು ಇಳಿಜಾರಿಗೆ ತಳ್ಳಿದರು, ಅದು ಅಂಗಳದ ತುದಿಗೆ ಹೋಗಿ ಸುಮ್ಮನೆ ನಿಂತಿತು. ಅಪ್ಪಯ್ಯ ಅದರ ಪಕ್ಕದಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟರು. ಅಮ್ಮ ಎಬ್ಬಿಸಿದಳು. ನಾವು ಡಾಂಬರು ಮುಗಿಯುವವರೆಗೆ ನಿತೇಶ್ ಕಾರಿನಲ್ಲಿ ಹೋಗಿ, ಅಲ್ಲಿಂದ ನಡೆದೆವು.

ತಿರುವು ಹಾಗೇ ಇದೆ. ನೇರಳೆ ಮರ ದಪ್ಪವಾಗಿದೆ. ನಾನು ಕೈಗೆ ಸಿಕ್ಕಿದಷ್ಟು ಸೊಪ್ಪು ಮುರಿದು ಎರಡೂ ಕಡೆ ದಾರಿಗೆ ಅಡ್ಡ ಹಾಕಿದೆ. ನಿತೇಶ್ ಯಾಕೆ ಎಂದು ಕೇಳಲಿಲ್ಲ, ಕೈಗೆಟುಕದ ಕೊಂಬೆಯನ್ನು ಬಗ್ಗಿಸಿ ಕೊಟ್ಟರು. ನೀನು ತೆಗೆದೆ ಎಂದು ಬರೆದಿದ್ದೆಯಲ್ಲ. ನಾನು ಅದನ್ನು ತೆಗೆಯಲು ಬಿಡಬಾರದಿತ್ತು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಂದು ಜೀಪು ಬಂತು, ತುಂಬಾ ಪ್ರವಾಸಿಗರು. ಸೊಪ್ಪು ಕಂಡು ದೂರದಲ್ಲೇ ನಿಂತಿತು. ಇಳಿದು ಬಂದವನು ಬಚ್ಚಣ್ಣ. ಕೂದಲು ಪೂರ್ತಿ ಬೆಳ್ಳಗೆ, ನಡಿಗೆ ಮಾತ್ರ ಅದೇ. ನನ್ನನ್ನು ಗುರುತು ಹಿಡಿಯಲು ಹೊತ್ತು ಬೇಕಾಯಿತು.

‘ಎಂತ ಆಯ್ತ್ ಹೆಣೆ? ಗಾಡಿ ಎಲ್ಲಿತ್ತ್?’

‘ಗಾಡಿ ಇಲ್ಲೆ ಬಚ್ಚಣ್ಣ.’

‘ಹಂಗಾರೆ ಯಾರ್ ಇದ್ರ್? ಕೌಶಲ ಬಂದಿದ್ನಾ?’

ಇಲ್ಲ ಎಂದು ತಲೆ ಆಡಿಸಿದೆ. ನಿತೇಶ್ ಹತ್ತಿರ ಹೋಗಿ ಮೆಲ್ಲನೆ ಏನೋ ಹೇಳಿದರು. ಬಚ್ಚಣ್ಣ ಕೇಳಿಸಿಕೊಂಡು, ಕಣಿವೆಯ ಕಡೆ ಒಮ್ಮೆ ನೋಡಿದ. ಆವತ್ತು ಕೂಗಿದ ಕಡೆಯೇ ಇರಬೇಕು.

ಆಮೇಲೆ ನನ್ನ ಹತ್ತಿರ ಬಂದ. ‘ಗಾಡಿ ಇಲ್ದೆ ಸೊಪ್ಪ್ ಹಾಕುಕಾಗ ಮಗಾ. ಹಿಂದ್ ಬಪ್ಪರ್ ಕಾದ್ ಕೂಕಂತ್ರ್. ಇಲ್ದಿದ್ದವ್ನ್ ಯಾರ್ ಹುಡ್ಕೂದ್?’

‘ಒಂದ್ ಕೊಂಬಿ ಇರ್ಲಿ ಬಚ್ಚಣ್ಣ’ ಎಂದೆ.

ಅವನು ಬಗ್ಗಿ ಒಂದೊಂದೇ ಕೊಂಬೆ ಎತ್ತಿ ಬದಿಗೆ ಹಾಕಿದ, ಮೊದಲು ಕೆಳಗಿನ ಕಡೆಯದ್ದು, ಆಮೇಲೆ ನಡೆದು ಹೋಗಿ ಮೇಲಿನ ಕಡೆಯದ್ದು. ಬಿದ್ದ ಎಲೆಗಳನ್ನು ಕಾಲಿನಿಂದ ಸರಿಸಿದ. ಪ್ರವಾಸಿಗರು ಹಾರ್ನ್ ಒತ್ತಿ ಕರೆಯುತ್ತಿದ್ದರು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟು ಹತ್ತಿ ಕೂತ. ಜೀಪು ನಮ್ಮ ಮುಂದೆಯೇ ತಿರುವು ದಾಟಿ ಮೇಲೆ ಹೋಯಿತು.

ಧೂಳು ಇಳಿದ ಮೇಲೆ ನೋಡಿದೆ. ದಾರಿಯಲ್ಲಿ ಒಂದು ಹಸಿರು ಎಲೆಯೂ ಇರಲಿಲ್ಲ. ಅಲ್ಲಿ ಯಾವತ್ತಾದರೂ ಯಾರಾದರೂ ನಿಂತಿದ್ದರು ಎಂದು ಇನ್ನು ಬರುವವರಿಗೆ ಗೊತ್ತಾಗುವುದಿಲ್ಲ.

ಅಕ್ಷು